ಆಶೆಗೂ ಅಂತಸ್ತು
ಬಳಗಾನೂರಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಿಲಾಶಾಸನವು, ಧರ್ಮನಿಷ್ಠೆಯ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಕ್ಷುದ್ರನೆನಿಸಿಕೊಂಡವನಿಗೂ ಲಭ್ಯವೆಂದು ಸಾರುತ್ತದೆ. ಆಶೆಯನ್ನು ಅಂತಸ್ತಿನಿಂದ ಬಿಡಿಸಿದ ಆ ಔದಾರ್ಯವು ಇಂದಿಗೂ ಅಪೂರ್ವವೇ ಸರಿ. ಏಕೆಂದರೆ, ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತ ಬೆಳೆವ ಭೂಮಾಲೀಕನು ಎರಡನೆಯ ಬೆಳೆಯ ಲೆಕ್ಕ ಹಾಕುತ್ತಿರುವಾಗ, ಕೊನೆಯಂಚಿನ ರೈತನು ಮೊದಲನೆಯದಕ್ಕಾದರೂ ನೀರು ಬಂದೀತೇ ಎಂದು ಕಾಲುವೆಯನ್ನೇ ನೋಡುತ್ತಿರುವನು. ಭೂಮಿಯೇ ಇಲ್ಲದ ಕೂಲಿಕಾರನಾದರೋ ಸಂಸಾರಸಮೇತನಾಗಿ ಬೆಂಗಳೂರಿಗೆ ಗುಳೆ ಹೊರಡುವನು. ಅಮೆರಿಕದ ಬಡವನು ನಾಳೆ ತಾನೂ ಧನಿಕನಾದೇನೆಂದು ನಂಬುವನೆಂಬ ಮಾತುಂಟು. ಅವನಿಗೆ ಹೋಲಿಸಿ ನಮ್ಮ ಬಡವನನ್ನು ವಿಧಿವಾದಿಯೆಂದು ಜರೆಯುವವರು (ಅವರ ಹೊಲಗಳು ಪ್ರಾಯಶಃ ಮೇಲ್ಭಾಗದಲ್ಲಿಯೇ ಇರುತ್ತವೆ) ಗುಳೆಯೂ ಒಂದು ಬಗೆಯ ಆಶಾವಾದವೆಂಬುದನ್ನು ಕಾಣರು. ಆಶೆಯನ್ನು ಅಂತಸ್ತಿನಿಂದ ಬಿಡಿಸಬೇಕಾದರೆ, ಕೊನೆಯ ಭಾಗದ ವಿತರಣಾ ಕಾಲುವೆಗಳಿಗೆ ಪಾಳಿಯ ನೀರು ತಪ್ಪದೆ ಮುಟ್ಟುವಂತೆ ನೀರಾವರಿ ಅಧಿಕಾರಿಗಳು ಮೊದಲು ನೋಡಿಕೊಳ್ಳಲಿ.