ಖಾಲಿ ಕೈಯವರ ದುಡಿಮೆ

ಕೆಲಸವಿಲ್ಲದವನನ್ನು ಕುರಿತು ನಮ್ಮ ಗಾದೆಗಳು ಒಳ್ಳೆಯ ಮಾತನ್ನಾಡಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನೆಂದು ಹಿರಿಯರು ನಕ್ಕರು. ದುಡಿಯದೆ ಉಣ್ಣುವವನಿಗೆ ಉಂಡಾಡಿಯೆಂದು ಹೆಸರಿಟ್ಟರು. ಈ ಮಾತುಗಳು ಸೋಮಾರಿಗೆ ಸಲ್ಲತಕ್ಕವು, ಸಲ್ಲಲಿ. ಆದರೆ ದುಡಿಯುವ ಮನಸ್ಸಿದ್ದೂ ದುಡಿಮೆ ದೊರೆಯದವನನ್ನು ಕರೆಯಲು ನಮ್ಮಲ್ಲಿ ಗೌರವದ ಒಂದು ಶಬ್ದವಿಲ್ಲ. 'ನಿರುದ್ಯೋಗಿ' ಎಂಬುದು ಕಚೇರಿಯ ಕಾಗದದ ಮಾತು. ಊರವರು ಅವನನ್ನು 'ಖಾಲಿ ಇದ್ದಾನೆ' ಎನ್ನುತ್ತಾರೆ. ಕೊಡ ಖಾಲಿ ಇದ್ದ ಹಾಗೆ, ಗಾಡಿ ಖಾಲಿ ಇದ್ದ ಹಾಗೆ, ಮನುಷ್ಯನೂ ಖಾಲಿ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಓಡಾಡುವವರಿಗೆ ಈ ಖಾಲಿ ಮನುಷ್ಯನ ಪರಿಚಯ ಇದ್ದೇ ಇರುತ್ತದೆ. ಬಿ.ಎ., ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿಯ ದಾರಿ ಕಾಯುತ್ತಿರುವವನು ಅವನು. ಇಲ್ಲವೆ ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದು, ಮುಂದಿನ ಹಂಗಾಮಿನವರೆಗೆ ಮನೆಯಲ್ಲಿ ಕುಳಿತವನು. ಇಲ್ಲವೆ ಪುಣೆಯಲ್ಲೋ ಕೊಲ್ಲಾಪುರದಲ್ಲೋ ಇದ್ದ ನೌಕರಿ ಹೋಗಿ ಊರಿಗೆ ಮರಳಿದವನು. "ಏನ ಮಾಡಾಕತ್ತೀಪಾ?" ಎಂದು ಕೇಳಿದರೆ, "ಸುಮ್ಮನ ಅದೀನ್ರಿ" ಎಂದು ತಲೆ ತಗ್ಗಿಸುತ್ತಾನೆ. ಆದರೆ ಅವನು ಸುಮ್ಮನಿದ್ದುದನ್ನು ನಾನು ಕಂಡದ್ದು ಕಡಿಮೆ. ನೆರೆಮನೆಯ ಅಜ್ಜಿಯ ಪಿಂಚಣಿ ನಿಂತುಹೋದರೆ ಅವಳನ್ನು ಬ್ಯಾಂಕಿಗೂ ತಹಸೀಲ ಕಚೇರಿಗೂ ಕರೆದೊಯ್ಯುವವನು ಅವನೇ. ಓಣಿಯವರೊಬ್ಬರನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿಯೆಲ್ಲ ಹೊರಗಿನ ಕಟ್ಟೆಯ ಮೇಲೆ ಕುಳಿತಿರುವವನೂ ಅವನೇ. 2023ರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಬಂದಾಗ, ಓದುಬರಹ ಬಾರದ ಹೆಣ್ಣುಮಕ್ಕಳ ಕಾಗದಪತ್ರಗಳನ್ನು ಹೊಂದಿಸಿಕೊಟ್ಟು ಅವರೊಡನೆ ಸಾಲಿನಲ್ಲಿ ನಿಂತವರು ಬಹುಮಟ್ಟಿಗೆ ಇಂಥ ತರುಣರೇ.

2019ರ ಆಗಸ್ಟಿನ ಮಹಾಪೂರವನ್ನು ಈ ಭಾಗದವರು ಮರೆತಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 51 ಟಿ.ಎಂ.ಸಿ. ನೀರನ್ನು ಹಿಡಿಯುವಂಥದು. ಅದು ತುಂಬಿತು, ಮೇಲಿನಿಂದ ಬಂದ ನೀರನ್ನು ಹೊಳೆಗೆ ಬಿಡದೆ ಗತಿಯಿರಲಿಲ್ಲ. ಹಿರಣ್ಯಕೇಶಿ ಸಂಕೇಶ್ವರದ ಮನೆಗಳನ್ನು ಹೊಕ್ಕಿತು. ಘಟಪ್ರಭೆ, ಮಾರ್ಕಂಡೇಯಗಳೆರಡೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು. ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಮೂಡಲಗಿಯ ಕಡೆಯ ಹೊಳೆದಂಡೆಯ ಹಳ್ಳಿಗಳವರು ದನಕರುಗಳನ್ನು ಕಟ್ಟಿಕೊಂಡು ಎತ್ತರದ ನೆಲಕ್ಕೆ ಬಂದರು. ರಕ್ಷಣಾ ದಳದವರು ಬಂದು ದುಡಿದದ್ದು ನಿಜ. ಆದರೆ ಅವರು ಬರುವ ಮೊದಲು ಮುದುಕರನ್ನು ಬೆನ್ನ ಮೇಲೆ ಹೊತ್ತು ತಂದವರು, ಕೊಟ್ಟಿಗೆಯ ಕಣ್ಣಿ ಕೊಯ್ದು ಎಮ್ಮೆಗಳನ್ನು ಬಿಟ್ಟವರು ಊರಿನವರೇ. ನೀರು ಇಳಿದ ಮೇಲೆ, ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದ ಮೇಲೆ, ಮೊಳಕಾಲುದ್ದ ರಾಡಿಯನ್ನು ಮನೆಗಳಿಂದ ಎತ್ತಿಹಾಕಿದವರೂ, ಬಿದ್ದ ಗೋಡೆಗೆ ಪರಿಹಾರ ಕೇಳುವ ಅರ್ಜಿಗಳನ್ನು ಬರೆದುಕೊಟ್ಟವರೂ ಅವರೇ. ಮರುವರ್ಷ, ಅಂದರೆ 2020ರ ಮಾರ್ಚಿನಲ್ಲಿ, ದೇಶವೆಲ್ಲ ಬಾಗಿಲು ಹಾಕಿಕೊಂಡಾಗಲೂ ಇದೇ ನಡೆಯಿತು. ತಮ್ಮ ಅನ್ನಕ್ಕೇ ಸಂಚಕಾರ ಬಂದಿದ್ದ ತರುಣರು ಪರರ ಮನೆಗೆ ಔಷಧಿ ಮುಟ್ಟಿಸಿದರು. 2024ರ ಜುಲೈಯಲ್ಲಿ ಗೋಕಾಕಕ್ಕೆ ಮತ್ತೆ ನೀರು ಬಂದಾಗ ಮತ್ತೆ ಅವರೇ ಎದ್ದರು.

ಹೀಗೆ ಖಾಲಿ ಇರುವವನು ಊರಿನ ನೂರು ಕೆಲಸಗಳಿಗೆ ಒದಗುತ್ತಾನೆ. ಅದನ್ನು ನಾವು ಸೇವೆಯೆಂದು ಹೊಗಳುತ್ತೇವೆ. ಹೊಗಳಿಕೆಗೆ ಖರ್ಚಿಲ್ಲ. ಆದರೆ ಆ ಸೇವೆ ಎಲ್ಲಿಯವರೆಗೆ ಸೇವೆ, ಎಲ್ಲಿಂದ ಮುಂದೆ ಬಿಟ್ಟಿ ಎಂಬುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆಯೆಂದು ನನ್ನ ಭಾವನೆ.

ನಮ್ಮ ನಾಡಿನ ಶರಣರು ಕಾಯಕ, ದಾಸೋಹಗಳೆಂಬ ಎರಡು ತತ್ವಗಳನ್ನು ಜೋಡಿಯಾಗಿ ಕೊಟ್ಟರು. ಮೊದಲು ಕಾಯಕ, ಅದರ ಫಲದಿಂದ ದಾಸೋಹ. ಗಳಿಸದವನು ಏನನ್ನು ನೀಡಿಯಾನು? ಈ ಲೆಕ್ಕದಲ್ಲಿ ಕೆಲಸವಿಲ್ಲದವನು ದಾಸೋಹಕ್ಕೂ ಹೊರಗಾಗುತ್ತಾನೆಂದು ಒಮ್ಮೆ ತೋರೀತು. ನಾನು ಹಾಗೆ ತಿಳಿಯಲಾರೆ. ಸಂಬಳವಿಲ್ಲವೆಂದ ಮಾತ್ರಕ್ಕೆ ಕಾಯಕವಿಲ್ಲವೆಂದಾಗದು. ಅವನ ತೋಳಬಲ, ಅವನ ಅಕ್ಷರ, ಅವನ ಹೊತ್ತು ಇವು ಅವನು ಸಂಪಾದಿಸಿದ ಆಸ್ತಿಗಳೇ. ಅವುಗಳಿಂದ ನೆರೆಯವರಿಗೆ ನೆರವಾದರೆ ಅದು ಕಾಯಕವೂ ಹೌದು, ದಾಸೋಹವೂ ಹೌದು. ಆದರೆ ಆಸ್ತಿ ಅವನದೆಂದು ಒಪ್ಪಿದ ಮೇಲೆ, ಕೇಳದೆ ಅದಕ್ಕೆ ಕೈಹಾಕುವ ಹಕ್ಕು ಊರಿಗೆ ಉಳಿಯುವುದಿಲ್ಲ.

ಅವನ ಹೊತ್ತಿಗೆ ಏನು ಬೆಲೆ ಎಂದು ಕೇಳುವವರಿಗೆ ದೂರದೇಶದ ಒಂದು ಊರಿನ ಕತೆಯನ್ನು ಹೇಳಬೇಕು. ಆಸ್ಟ್ರಿಯಾ ದೇಶದ ವಿಯೆನ್ನಾ ನಗರಕ್ಕೆ ಸಮೀಪದಲ್ಲಿ ಮರಿಯೆಂಟಾಲ್ ಎಂಬ ಗಿರಣಿಯೂರಿದೆ. ನಮ್ಮ ಗೋಕಾಕ ಫಾಲ್ಸಿನಲ್ಲಿ ಜಲಪಾತದ ಬಲದಿಂದ ಹತ್ತಿಯ ಗಿರಣಿ ಎದ್ದು, ಅದರ ಸುತ್ತ ಊರು ಬೆಳೆದಂತೆ, ಅಲ್ಲಿಯೂ ಊರಿಗೆ ಊರೇ ಒಂದು ಬಟ್ಟೆಯ ಗಿರಣಿಯನ್ನು ನಂಬಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ಆ ಊರಿನ ಬಾಳನ್ನು ಪರೀಕ್ಷಿಸಿ 1933ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಿಡುವು ಹೆಚ್ಚಾದಾಗ ಜನ ಹೆಚ್ಚು ಓದುತ್ತಾರೆ, ಹೆಚ್ಚು ಕೂಡುತ್ತಾರೆ ಎಂದು ಯಾರಾದರೂ ಎಣಿಸಬಹುದು. ಆದದ್ದು ಬೇರೆ. ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ಗಂಡಸರ ನಡಿಗೆಯೇ ನಿಧಾನವಾಯಿತು. ಬೀದಿಯಲ್ಲಿ ನಿಂತು ನಿಂತು ಹೋಗತೊಡಗಿದರು. ಗಡಿಯಾರ ಇಟ್ಟುಕೊಳ್ಳುವುದನ್ನೂ ಹಲವರು ಬಿಟ್ಟರು. ಕೆಲಸ ಹೋದಾಗ ಕೂಲಿಯೊಡನೆ ದಿನದ ಕಟ್ಟೂ ಹೋಗುತ್ತದೆ; ನಾನು ಯಾರಿಗಾದರೂ ಬೇಕಾದವನು ಎಂಬ ಅರಿವೂ ಹೋಗುತ್ತದೆ.

ನೆರೆಹೊರೆಯ ಕೆಲಸಕ್ಕೆ ಕೈಹಚ್ಚುವ ನಮ್ಮ ತರುಣನು ಇದೇ ಅರಿವನ್ನು ಉಳಿಸಿಕೊಳ್ಳುತ್ತಾನೆ. ಮುಂಜಾನೆ ಹತ್ತು ಗಂಟೆಗೆ ಅಜ್ಜಿಯನ್ನು ಬ್ಯಾಂಕಿಗೆ ಒಯ್ಯಬೇಕೆಂಬ ಒಂದು ನೆಪ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತದೆ, ಮುಖ ತೊಳೆಸುತ್ತದೆ, ನಾಲ್ಕು ಜನರೊಡನೆ ಮಾತನಾಡಿಸುತ್ತದೆ. ಕೆಲಸವಿಲ್ಲದ ತರುಣನಿಗೆ ಯಾರಾದರೂ ಸಲಹೆ ಕೇಳಿದರೆ ಮನೆಯಲ್ಲಿ ಮುಖ ಮುಚ್ಚಿ ಕೂಡಬೇಡವೆಂದೇ ನಾನು ಹೇಳುತ್ತೇನೆ. ನೆರವು ಪಡೆದವನಿಗಿಂತ ಕೊಟ್ಟವನಿಗೇ ಅದರಿಂದ ಹೆಚ್ಚು ಲಾಭವಾದುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಇಷ್ಟು ಒಪ್ಪಿದ ಮೇಲೆ ಇನ್ನೊಂದು ಮಗ್ಗುಲನ್ನು ನೋಡಬೇಕು. ನಮ್ಮ ಒಕ್ಕಲುತನದಲ್ಲಿ ಮುಯ್ಯಿ ಎಂಬ ಪದ್ಧತಿಯುಂಟು. ಈ ದಿನ ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ಹಣವಿಲ್ಲದಿದ್ದರೂ ಸಾಟಿಯುಂಟು. ಅದೇ ಹಳ್ಳಿಯಲ್ಲಿ ಬಿಟ್ಟಿಯೆಂಬ ಇನ್ನೊಂದು ಪದ್ಧತಿಯೂ ಇತ್ತು. ಊರಿನ ದೊಡ್ಡವರು ಕರೆದಾಗ ಕೆಳಜಾತಿಯವರು ಕೂಲಿಯಿಲ್ಲದೆ ಹೋಗಿ ದುಡಿಯಬೇಕು. ಒಲ್ಲೆನೆನ್ನುವ ಧೈರ್ಯ ಅವರಿಗಿರಲಿಲ್ಲ. ನಮ್ಮ ಸಂವಿಧಾನದ 23ನೆಯ ವಿಧಿ ಇಂಥ ಬಿಟ್ಟಿಯನ್ನು ನಿಷೇಧಿಸಿತು. 1976ರ ಜೀತಪದ್ಧತಿ ರದ್ದತಿಯ ಕಾಯಿದೆ ಅದೇ ದಿಕ್ಕಿನಲ್ಲಿ ಮುಂದೆ ಹೋಯಿತು. ಮುಯ್ಯಿಯೂ ಬಿಟ್ಟಿಯೂ ಹೊರನೋಟಕ್ಕೆ ಒಂದೇ, ಎರಡರಲ್ಲಿಯೂ ಕೂಲಿಯಿಲ್ಲ. ಒಲ್ಲೆನೆನ್ನುವ ಸ್ವಾತಂತ್ರ್ಯ ಉಂಟೋ ಇಲ್ಲವೋ, ತಿರುಗಿ ಬರುವುದು ಉಂಟೋ ಇಲ್ಲವೋ, ಇವುಗಳಲ್ಲಿ ಮಾತ್ರ ಭೇದ.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ನಮ್ಮ ನಡತೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. "ಖಾಲಿ ಅದಾನಲ್ಲ, ಅವಗ ಹೇಳ್ರಿ" ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ನಾಳೆ ಅವನಿಗೆ ಪರೀಕ್ಷೆಯಿದೆಯೋ, ಓದುವುದಿದೆಯೋ, ಬಸ್ಸಿಗೆ ಕಿಸೆಯಲ್ಲಿ ಕಾಸಿದೆಯೋ, ಇವನ್ನೊಂದೂ ವಿಚಾರಿಸುವುದಿಲ್ಲ. ನೌಕರಿಯಲ್ಲಿರುವವನು 'ರಜೆ ಸಿಗಲಿಲ್ಲ' ಎಂದರೆ ಆ ಮಾತು ನಡೆಯುತ್ತದೆ. ಕೆಲಸವಿಲ್ಲದವನು 'ಆಗುವುದಿಲ್ಲ' ಎಂದರೆ ಸೊಕ್ಕು ಎನ್ನುತ್ತೇವೆ. ಒಲ್ಲೆನೆನ್ನಲು ಬಾರದ ಸೇವೆ ಬಿಟ್ಟಿಯ ಹತ್ತಿರಕ್ಕೆ ಬಂತೆಂದೇ ತಿಳಿಯಬೇಕು. ಅದರಲ್ಲಿಯೂ ಬಡವರ ಮನೆಯ, ಕೆಳಗಿನ ಕೇರಿಯ ತರುಣನಿಗೆ ಮೊದಲು ಹೇಳಿಕೆ ಹೋಗುತ್ತದೆಂಬುದನ್ನು ಕಣ್ಣಿದ್ದವರು ಅಲ್ಲಗಳೆಯಲಾರರು.

ಹೆಣ್ಣುಮಕ್ಕಳ ವಿಷಯವಂತೂ ಇದಕ್ಕೂ ಕಷ್ಟದ್ದು. ಪದವಿ ಪಡೆದು ಮನೆಯಲ್ಲಿರುವ ಹುಡುಗಿಯನ್ನು ನಾವು ನಿರುದ್ಯೋಗಿಯೆಂದು ಎಣಿಸುವುದೇ ಇಲ್ಲ. "ಮನ್ಯಾಗ ಅದಾಳಲ್ಲ" ಎಂಬ ಒಂದು ಮಾತಿನಲ್ಲಿ ಅವಳ ವಿದ್ಯೆ, ಅವಳ ಹಂಬಲ ಎಲ್ಲ ಮುಗಿದವು. ಅಣ್ಣನ ಮಕ್ಕಳಿಗೆ ಪಾಠ, ಓಣಿಯ ಬಾಣಂತಿಗೆ ನೆರವು, ಮುದುಕಿಗೆ ಔಷಧಿ: ಇವೆಲ್ಲ ಅವಳ ಪಾಲಿಗೆ. ಮರಿಯೆಂಟಾಲಿನಲ್ಲಿಯೂ ಹೆಂಗಸರ ದಿನ ಖಾಲಿಯಾಗಿರಲಿಲ್ಲ. ಗಿರಣಿ ಮುಚ್ಚಿದರೂ ಒಲೆ ಮುಚ್ಚಿರಲಿಲ್ಲ. ತರುಣನ ನೆರವನ್ನು ಸೇವೆಯೆಂದು ಬಾಯಿಮಾತಿಗಾದರೂ ಹೊಗಳುತ್ತೇವೆ. ತರುಣಿಯದು ಹೊಗಳಿಕೆಗೂ ದೊರೆಯದ ಸೇವೆ.

ಇನ್ನೂ ಒಂದು ಎಚ್ಚರ ಬೇಕು. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಸ್ವಯಂಸೇವೆಯ ಹೆಸರಿನಲ್ಲಿ ಪುಕ್ಕಟೆ ಮಾಡಿಸಬಾರದು. ನೆರೆ ಬಂದ ವಾರ ಎಲ್ಲರೂ ಕೂಡಿ ರಾಡಿ ಎತ್ತುವುದು ಬೇರೆ. ವರ್ಷವಿಡೀ ಗಟಾರ ಬಳಿಸುವುದು ಬೇರೆ. ಎರಡನೆಯದಕ್ಕೆ ಕೂಲಿಯುಂಟು, ಆ ಕೂಲಿಯಿಂದ ಉಣ್ಣುವ ಮನೆಯೂ ಉಂಟು. ಶಾಲೆಯಲ್ಲಿ ಶಿಕ್ಷಕರ ಜಾಗ ಖಾಲಿ ಬಿದ್ದಿರಲು, ಬಿ.ಎಡ್. ಆದ ತರುಣನಿಂದ ವರ್ಷಗಟ್ಟಲೆ ಪುಕ್ಕಟೆ ಪಾಠ ಹೇಳಿಸಿದರೆ ಅವನಿಗೆ ದೊರೆಯಬಹುದಾಗಿದ್ದ ನೌಕರಿಯನ್ನು ಅವನ ಕೈಯಿಂದಲೇ ಮುಚ್ಚಿಸಿದಂತಾಗುತ್ತದೆ.

ಸ್ವಯಂಸೇವೆಗೆ ಕಟ್ಟುಪಾಡು ಬೇಕೆಂಬುದು ಈ ನೆಲಕ್ಕೆ ಹೊಸ ಮಾತಲ್ಲ. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಆ ದಳದವರ ಶಿಸ್ತು ಕೆಲಸಕ್ಕೆ ಬಂತು. ಮುಂದೆ ಹರ್ಡೀಕರರ ಹೆಸರು ನಮ್ಮ ಘಟಪ್ರಭೆಯ ಆರೋಗ್ಯಧಾಮದೊಡನೆ ಬೆರೆತುಹೋಯಿತು. ಅವರು ಬೇಕಾದವರನ್ನು ಬೇಕಾದಾಗ ಓಡಾಡಿಸಲಿಲ್ಲ. ತರಬೇತಿ ಕೊಟ್ಟರು, ಪಾಳಿ ಹಚ್ಚಿದರು, ಹೊಣೆ ಹಂಚಿದರು. ಸೇವಕನ ಮಾನ ಉಳಿಯುವುದು ಇಂಥ ಕಟ್ಟಿನಿಂದ.

ಸೇವೆಗೆ ಲೆಕ್ಕವಿಡುವುದು ಸೇವೆಗೇ ಅಪಮಾನವಲ್ಲವೆ ಎಂದು ಓದುಗರು ಕೇಳಬಹುದು. ಮದುವೆಯಲ್ಲಿ ಆಯೇರಿ ಮಾಡಿದವರ ಹೆಸರನ್ನೂ ಮೊತ್ತವನ್ನೂ ನಾವು ವಹಿಯಲ್ಲಿ ಬರೆದಿಡುತ್ತೇವೆ. ಅದರಿಂದ ಪ್ರೀತಿ ಕಡಿಮೆಯಾಯಿತೆಂದು ಯಾರೂ ಮುನಿದಿಲ್ಲ. ಅವರ ಮನೆಯಲ್ಲಿ ಕಾರ್ಯವಾದಾಗ ಮರೆಯದೆ ತಿರುಗಿ ಮಾಡಬೇಕೆಂದೇ ಆ ಬರಹ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ತೆರೆದ ನಾಡು ಇದು. 1969ರಲ್ಲಿ ಹುಕ್ಕೇರಿಯ ಹಳ್ಳಿಗರು ವಿದ್ಯುತ್ತಿಗಾಗಿಯೇ ಒಂದು ಸಹಕಾರಿ ಸಂಘವನ್ನು ಕಟ್ಟಿದರು. ಲೆಕ್ಕದ ಮೇಲೆಯೇ ನಂಬುಗೆ ನಿಂತೀತೆಂದು ನಮ್ಮ ಜನ ಅರಿತಿದ್ದಾರೆ. ಹಣಕ್ಕೆ ಇಟ್ಟ ಲೆಕ್ಕವನ್ನು ಹೊತ್ತಿಗೂ ಇಡಬೇಕೆಂಬುದಷ್ಟೇ ನನ್ನ ಮಾತು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಯೇನೂ ಬೇಡ. ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಒಂದು ವಹಿ ಇರಲಿ. ಯಾವ ದಿನ, ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಒದಗಿದರೆಂಬುದನ್ನು ಅದರಲ್ಲಿ ಬರೆಯಲಿ. ಕೆಲಸ ಕೇಳಲು ಹೋದಾಗ ಆ ಬರಹದ ಮೇಲಿಂದ ಪಂಚಾಯತಿಯವರು ಅವರಿಗೊಂದು ಪ್ರಮಾಣಪತ್ರ ಕೊಡಲಿ. ಮೂರು ವರ್ಷ ಖಾಲಿ ಇದ್ದನೆಂಬುದಕ್ಕೂ, ಮೂರು ವರ್ಷ ಊರಿಗೆ ಒದಗಿದನೆಂಬುದಕ್ಕೂ ಅಂತರವುಂಟು. ಆಸ್ಪತ್ರೆಗೋ ಕಚೇರಿಗೋ ಕರೆದೊಯ್ದವನಿಗೆ ಬಸ್ಸಿನ ಖರ್ಚನ್ನೂ ಊಟವನ್ನೂ ಕೊಡುವುದು ಆ ಮನೆಯವರ ಧರ್ಮ. ಪರೀಕ್ಷೆಯ ತಿಂಗಳಲ್ಲಿ ಅವನನ್ನು ಕರೆಯಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಊರು ತನ್ನ ಪಾಲಿನ ಮುಯ್ಯಿಯನ್ನು ಸಲ್ಲಿಸಬೇಕು. ಕರ್ನಾಟಕ ಸರಕಾರ 2024ರ ಜನವರಿ 12ರಂದು ಯುವನಿಧಿಯನ್ನು ಆರಂಭಿಸಿ, ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಕೊಡುವುದೆಂದು ಗೊತ್ತುಮಾಡಿತು. ಅದು ಸರಕಾರದ ಪಾಲು. ನೆರೆಹೊರೆಯವರ ಪಾಲು ಬೇರೆ. ಅಜ್ಜಿಯ ಮಗ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿರಬಹುದು. ಆಸ್ಪತ್ರೆಯಿಂದ ಗುಣವಾಗಿ ಬಂದವರು ವ್ಯಾಪಾರಸ್ಥರಿರಬಹುದು. ಇಂಥ ಜಾಗ ತೆರವಾಗಿದೆ, ಹೋಗಿ ಕೇಳು ಎಂದು ಒಂದು ಸುದ್ದಿ ಮುಟ್ಟಿಸುವುದು, ತಮಗೆ ಬಲ್ಲವರಲ್ಲಿ ಅವನ ಪರವಾಗಿ ಒಂದು ಮಾತಾಡುವುದು, ಪರೀಕ್ಷೆಯ ಶುಲ್ಕಕ್ಕೆ ಕೈಗಡ ಕೊಡುವುದು, ಇವೆಲ್ಲ ಅವರಿಂದ ಆಗತಕ್ಕ ಕೆಲಸಗಳು. ನೆರೆಯ ರಾತ್ರಿ ಅವನ ಬೆನ್ನೇರಿ ಹೊಳೆ ದಾಟಿದವರು, ಅವನು ನೌಕರಿಗೆ ಅಲೆಯುವಾಗ 'ಖಾಲಿ ಅದಾನ' ಎಂದು ನಗುವುದು ಸಲ್ಲದು.

ಕೆಲಸವಿಲ್ಲದ ತರುಣ ತರುಣಿಯರಿಗೆ ನನ್ನ ಮಾತು ಇಷ್ಟೇ: ನೆರವಾಗಿರಿ, ಅದರಿಂದ ನಿಮಗೂ ಒಳಿತು, ಆದರೆ ದಿನದ ಅರ್ಧವನ್ನು ನಿಮ್ಮ ಓದಿಗೂ ಉದ್ಯೋಗದ ಶೋಧಕ್ಕೂ ಮೀಸಲಿಡಿರಿ, ಒಲ್ಲೆನೆನ್ನಲು ನಾಚಬೇಡಿರಿ. ಉಳಿದ ನಮಗೆ ಹೇಳಬೇಕಾದುದು ಇನ್ನೂ ಸರಳ. ಅವರ ಬಾಗಿಲಿಗೆ ಹೋದಾಗ 'ಖಾಲಿ ಇದ್ದೀಯಾ?' ಎಂದು ಕೇಳುವುದನ್ನು ಬಿಟ್ಟು, 'ನಿನಗೆ ಬಿಡುವಾದೀತೆ?' ಎಂದು ಕೇಳಲು ಕಲಿಯೋಣ.