ಕತೆಯೋ, ಸುದ್ದಿಯೋ?

ಕಳೆದ ವಾರ ಸಂಜೆ ಪಾಳಿ ಮುಗಿಸಿಕೊಂಡು ತರುಣನೊಬ್ಬ ನಮ್ಮ ಕಚೇರಿಗೆ ಬಂದ. ನೂಲಿನ ಖಾತೆಯಲ್ಲಿ ಕೆಲಸ. ಕೈಯಲ್ಲಿ ಎರಡು ಕತೆಗಳು. "ಮಿಲ್ಲಿನ ಕೆಲಸ ಬಿಡಬೇಕೆಂದಿದ್ದೇನೆ. ಕತೆ ಬರೆದು ಬದುಕಲೋ, ಪತ್ರಿಕೆ ಸೇರಲೋ?" ಎಂದು ಕೇಳಿದ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇವೆ. ಅಂಥ ಮಕ್ಕಳು ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿದ್ದಾರೆ.

ಹಿಂದಿಯ ಪ್ರೇಮಚಂದರ ಬಾಳನ್ನು ನೋಡೋಣ. ಅವರು ಉಪಾಧ್ಯಾಯರಾಗಿದ್ದವರು. ಗಾಂಧೀಜಿಯವರ ಕರೆಗೆ ಓಗೊಟ್ಟು 1921ರಲ್ಲಿ ಸರ್ಕಾರಿ ನೌಕರಿ ಬಿಟ್ಟರು. 1923ರಲ್ಲಿ ಕಾಶಿಯಲ್ಲಿ ಸರಸ್ವತಿ ಪ್ರೆಸ್ ಹಾಕಿದರು. 1930ರಲ್ಲಿ 'ಹಂಸ್' ಮಾಸಪತ್ರಿಕೆ, ಆಮೇಲೆ 'ಜಾಗರಣ್' ವಾರಪತ್ರಿಕೆ ನಡೆಸಿದರು. ಸರ್ಕಾರ ಜಾಮೀನು ಕೇಳಿತು. ಕಾಗದದ ಸಾಲ ಬೆಳೆಯಿತು. ಕತೆಯಿಂದ ಬಂದ ಹಣವನ್ನು ಪ್ರೆಸ್ಸು ನುಂಗಿತು. ಉದ್ರಿ ಪುಸ್ತಕ ಇಟ್ಟ ನಮ್ಮ ಅಂಗಡಿಕಾರ ಮಿತ್ರರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಾಲ ತೀರಿಸಲೆಂದೇ ಅವರು 1934ರಲ್ಲಿ ಮುಂಬಯಿಯ ಸಿನಿಮಾ ಕಂಪೆನಿಗೆ ಹೋಗಿ ಗಿರಣಿ ಕಾರ್ಮಿಕರ ಚಿತ್ರಕ್ಕೆ ಕತೆ ಬರೆದರು. ಮುಂಬಯಿಯಲ್ಲಿ ಆ ಚಿತ್ರದ ಪ್ರದರ್ಶನವನ್ನೇ ನಿಷೇಧಿಸಿದರು. ಇತ್ತ ಸಂಬಳ ಬಾರದ ಅವರದೇ ಪ್ರೆಸ್ಸಿನ ಕೆಲಸಗಾರರು ಮುಷ್ಕರ ಹೂಡಿದರೆಂದು ಹೇಳುತ್ತಾರೆ. ನ್ಯಾಯ ಆ ಕೆಲಸಗಾರರ ಕಡೆಗೇ ಇತ್ತು. ಒಳ್ಳೆಯ ಉದ್ದೇಶದ ಪತ್ರಿಕೆಯೂ ಕೂಲಿ ಕೊಡಲೇಬೇಕು. 'ಗೋದಾನ' ಹೊರಬಂದದ್ದು 1936ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಹಾಗಾದರೆ ಪತ್ರಿಕೆ ಕತೆಗಾರನನ್ನು ಕೊಲ್ಲುತ್ತದೆಯೇ? ಹಾಗೆಂದು ಸಾರಾಸಗಟಾಗಿ ಹೇಳಲಾಗದು. ನಮ್ಮವರೇ ಆದ ಪಿ. ಲಂಕೇಶ್ ಇಂಗ್ಲಿಷ್ ಅಧ್ಯಾಪಕರಾಗಿ, ಕವಿ, ಕತೆಗಾರ, ನಾಟಕಕಾರರೆಂದು ಹೆಸರಾದವರು. 1980ರಲ್ಲಿ ಜಾಹೀರಾತನ್ನು ನೆಚ್ಚದೆ 'ಲಂಕೇಶ್ ಪತ್ರಿಕೆ' ಆರಂಭಿಸಿ 2000ದಲ್ಲಿ ತೀರಿಕೊಳ್ಳುವವರೆಗೆ ನಡೆಸಿದರು. ಸಾಹಿತ್ಯ ಅಕಾಡೆಮಿಯ 1993ರ ಪ್ರಶಸ್ತಿ ಪಡೆದ 'ಕಲ್ಲು ಕರಗುವ ಸಮಯ' ಎಂಬ ಕಥಾಸಂಕಲನ ಬಂದದ್ದು ಪತ್ರಿಕೆಯ ಆ ದುಡಿಮೆಯ ನಡುವೆಯೇ. ಆದರೆ ನಲವತ್ತೈದರ ಪ್ರಾಯದಲ್ಲಿ, ಕೈ ಪಳಗಿದ ಮೇಲೆ ಅವರು ಪತ್ರಿಕೆಗೆ ಇಳಿದರೆಂಬುದನ್ನು ಮರೆಯಬಾರದು.

ಇನ್ನು ಅನ್ನದ ಮಾತು. ಪತ್ರಕರ್ತರಿಗೆ 1955ರಲ್ಲಿ ಒಂದು ಶಾಸನವಾಯಿತು. ನಾಲ್ಕು ವಾರಗಳಲ್ಲಿ 144 ಗಂಟೆಗೆ ಮೀರಿ ದುಡಿಸಬಾರದು, ವೇತನವನ್ನು ಮಂಡಳಿ ನಿರ್ಣಯಿಸಬೇಕು ಎಂಬುದು ಅದರ ಸಾರ. ಮಜೀಠಿಯಾ ಮಂಡಳಿಯ ಶಿಫಾರಸುಗಳನ್ನು ಸರ್ಕಾರ 2011ರಲ್ಲಿ ಒಪ್ಪಿತು. ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿಹಿಡಿಯಿತು. ಆಮೇಲೂ ಬಾಕಿಗಾಗಿ ಪತ್ರಕರ್ತರು ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಕಾರ್ಮಿಕ ಸಂಹಿತೆಯಲ್ಲಿ ಆ ಪ್ರತ್ಯೇಕ ಶಾಸನವನ್ನೇ ಕರಗಿಸಲಾಯಿತು. ಅಂದರೆ ಸುದ್ದಿ ಬರೆಯುವವನೂ ಮಾಲೀಕನ ಎದುರು ನಿಂತ ಕೂಲಿಯವನೇ. ಕತೆ ಬರೆಯುವವನಿಗೋ, ಅಷ್ಟು ಆಸರೆಯೂ ಎಂದೂ ಇರಲಿಲ್ಲ.

ಆದುದರಿಂದ ಆ ತರುಣನಿಗೆ ನಮ್ಮ ಸಲಹೆ ಇದು. ತೂಕದಲ್ಲಿ ಮೋಸವಾದದ್ದನ್ನು ಕಂಡಾಗ ಅದನ್ನು ನಾಳೆಯೇ ಊರಿಗೆ ತಿಳಿಸದಿದ್ದರೆ ನಿನಗೆ ನಿದ್ರೆ ಬಾರದೇ? ಪತ್ರಿಕೆ ಸೇರು. ಹೆಸರು, ತಾರೀಖು, ಮೊತ್ತ ತಪ್ಪದಂತೆ ಬರೆಯುವುದನ್ನು ಕಲಿ. ಮೋಸಹೋದವಳ ಮುಖ ವರ್ಷಗಟ್ಟಲೆ ಕಣ್ಣಮುಂದೆ ಕಟ್ಟಿದಂತಿರುವುದೇ? ಕತೆ ಬರೆ. ಆದರೆ ಅದಕ್ಕೆ ಅವಸರ ಸಲ್ಲದು. ಕತೆಯನ್ನೇ ಅನ್ನದ ದಾರಿಯೆಂದು ನಂಬಿ ನಾಳೆಯೇ ಮಿಲ್ಲು ಬಿಡಬೇಡ. ಅನ್ನಕ್ಕಾಗಿ ಬರೆಯಲೇಬೇಕಾದ ಕತೆ, ಕೊಳ್ಳುವವನ ಮುಖ ನೋಡಿ ಬಾಗುತ್ತದೆ. ಮಾಲೀಕ ಕಣ್ಣು ಕೆಂಪಗೆ ಮಾಡಿದಾಗ ಸುದ್ದಿಯೂ ಹಾಗೆಯೇ ಬಾಗುತ್ತದೆ.

ಎರಡರಲ್ಲಿ ಯಾವುದನ್ನು ಹಿಡಿದರೂ ಸಂಘ ಸೇರು. ಒಂಟಿ ಲೇಖನಿಯನ್ನು ಕೊಳ್ಳುವುದು ಸುಲಭ.

ಅಂದಹಾಗೆ, ಅವನು ಬಿಟ್ಟುಹೋದ ಕತೆಗಳನ್ನು ಓದಿದೆವು. ಒಂದು ಸಾಧಾರಣ. ರಾತ್ರಿ ಪಾಳಿಯನ್ನು ಕುರಿತ ಇನ್ನೊಂದು ನಿಜವಾಗಿಯೂ ಚೆನ್ನಾಗಿದೆ. ಬಂದು ನಮ್ಮನ್ನು ಕಾಣಲಿ.