ಉಳಿದ ಸೆಟ್‌ನಲ್ಲಿ ಹುಟ್ಟಿದ ಸೈಬಾರ್ಗ್

'ಸೈಬಾರ್ಗ್' ಅಗ್ಗದ ಸಿನಿಮಾ ಅಂತ ನಗುವವರಿದ್ದಾರೆ. ನಾನು ನಗಲ್ಲ. ಅಮೆರಿಕದ ಕ್ಯಾನನ್ ಕಂಪನಿ ಬೇರೆ ಎರಡು ಚಿತ್ರಗಳಿಗೆ ತಯಾರಿ ಮಾಡಿಕೊಂಡಿತ್ತು, ಅದರಲ್ಲಿ ಒಂದು ಸ್ಪೈಡರ್‌ಮ್ಯಾನ್. ಕೈಯಲ್ಲಿ ಕಾಸಿಲ್ಲದೆ ಎರಡೂ ನಿಂತವು. ಉಳಿದ ಸೆಟ್, ಬಟ್ಟೆಗಳನ್ನೇ ಬಳಸಿ ನಿರ್ದೇಶಕ ಆಲ್ಬರ್ಟ್ ಪ್ಯೂನ್ ಮಾಡಿದ ಚಿತ್ರ ಇದು. ಬಿಡುಗಡೆ 1989, ಖರ್ಚು ಸುಮಾರು 5 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು! ಹಾಳುಬಿದ್ದ ಊರು, ವ್ಯಾನ್ ಡ್ಯಾಮ್ ಒದೆತ ನೋಡುವಾಗ ದುಡ್ಡಿನ ಕೊರತೆ ನೆನಪಾಗಲ್ಲ.

ನನ್ನ ತಕರಾರು ಬೇರೆ. ಇಲ್ಲಿ ಸೈಬಾರ್ಗ್, ಅಂದರೆ ಅರ್ಧ ಮನುಷ್ಯ ಅರ್ಧ ಯಂತ್ರ, ನಾಯಕನಲ್ಲ. ಪರ್ಲ್ ಎಂಬ ಹೆಣ್ಣು. ಮಹಾಮಾರಿಗೆ ಮದ್ದು ಹುಡುಕಲು ಬೇಕಾದ ಮಾಹಿತಿ ಹೊರೋದಕ್ಕೆ ತಾನಾಗಿಯೇ ದೇಹ ಕೊಟ್ಟವಳು. ಹಾಗ್ಯಾಕೆ ಮಾಡಿದಳು, ಆಮೇಲೆ ಅವಳಿಗೆ ಏನನ್ನಿಸಿತು? ಸಿನಿಮಾ ಕೇಳೋದೇ ಇಲ್ಲ, ಹೊಡೆದಾಟದ ಹಿಂದೆ ಓಡುತ್ತೆ. ಅವಳಿಗೆ ನಾಲ್ಕು ಮಾತು ಹೆಚ್ಚು ಬರೆಯೋಕೆ ಎಷ್ಟು ಡಾಲರ್ ಬೇಕಿತ್ತು?